ಬಾಯಿಬಿಡದ ರತ್ನಕ್ಕ

ರತ್ನಕ್ಕನ ಬಾಯಿ ಬಿಡಿಸುವುದು ನಮ್ಮೂರಿನಲ್ಲಿ ಒಂದು ಆಟವೇ ಆಗಿಹೋಗಿತ್ತು. ಕ್ಯಾಸಂಬಳ್ಳಿ ಹತ್ತಿರದ ಟೊಮೆಟೊ ಸಾಸ್ ಫ್ಯಾಕ್ಟರಿಯಲ್ಲಿ ನನಗೆ ಪ್ಯಾಕಿಂಗ್, ಪಕ್ಕದ ಮನೆಯ ಅವಳಿಗೆ ಟ್ಯಾಂಕು ತೊಳೆಯುವ ಕೆಲಸ. ಸೇರಿದ ದಿನವೇ ಮ್ಯಾನೇಜರ್ ನಮ್ಮನ್ನೆಲ್ಲ ಕೂರಿಸಿ ಹೇಳಿದ್ದರು: ಕಂಪನಿಯ ಸಮಾಚಾರ ಹೊರಗಿನವರಿಗೆ ಹೇಳಕೂಡದು, ಯಾರೇ ಕೇಳಿದರೂ ಆಫೀಸಿಗೆ ಕಳಿಸಿ. ನಾವೆಲ್ಲ ತಲೆಯಾಡಿಸಿ, ಗೇಟು ದಾಟುವಷ್ಟರಲ್ಲಿ ಮರೆತೆವು. ರತ್ನಕ್ಕ ಮರೆಯಲಿಲ್ಲ.

"ಇವತ್ತು ಕ್ಯಾಂಟೀನಲ್ಲಿ ಏನ್ ಸಾರು?" ಎಂದು ಗಂಡ ಕೇಳಿದರೆ, "ಆಪೀಸಲ್ಲಿ ಕೇಳ್ಕೋ ಓಗು" ಅನ್ನುವಳು. ಪಾಪ, ನಾರಾಯಣಣ್ಣ ನಮ್ಮ ಜಗಲಿಗೆ ಬಂದು ನನ್ನನ್ನು ಕೇಳಿ ತಿಳಿದುಕೊಳ್ಳುತ್ತಿದ್ದ. ಒಮ್ಮೆ ಬಂಗಾರಪೇಟೆಯ ಮದುವೆಯೂಟದಲ್ಲಿ ಪಕ್ಕದೆಲೆಯ ಹೆಂಗಸು, "ನಿಮ್ ಸಾಸಿಗೆ ಕೊಳೆತ ಟೊಮೆಟೊ ಆಕ್ತಾರಂತೆ, ನಿಜವೇನಮ್ಮಾ?" ಎಂದು ಕೆಣಕಿದಳು. ಕೊಳೆತಿದ್ದನ್ನು ಆರಿಸಿ ಎಸೆಯುವುದನ್ನು ನಾವಿಬ್ಬರೂ ದಿನಾ ನೋಡುತ್ತೇವೆ. ಇಲ್ಲ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಈ ಮಹಾತಾಯಿ ಹೋಳಿಗೆ ಮುರಿಯುತ್ತಾ "ಏಳಂಗಿಲ್ಲ" ಅಂದಳು! ಆ ಸಾಲಿನವರೆಲ್ಲ ಸಾಸ್ ತಿನ್ನುವುದನ್ನೇ ಬಿಟ್ಟಿರಬೇಕು. ನಗು ತಡೆಯಲಾಗದೆ ನನಗೆ ಅನ್ನ ನೆತ್ತಿಗೆ ಹತ್ತಿತು. ದಾರಿಯಲ್ಲಿ ಬೈದರೆ, "ಒಳ್ಳೇದು ಏಳಿದ್ರೂ ಏಳಿದಂಗೇ ಅಲ್ವೇನೇ ಸುಧಾ? ಒಪ್ಕೊಂಡ್ ಮೇಲೆ ಮುಗೀತು" ಎಂದು ನನಗೇ ಬುದ್ಧಿ ಹೇಳಿದಳು.

ನಾರಾಯಣಣ್ಣನಿಗೆ ಬೆನ್ನುನೋವು, ಕೂಲಿಗೆ ಹೋಗಲಾಗುತ್ತಿರಲಿಲ್ಲ. ಇವಳ ಸಂಬಳದಿಂದಲೇ ಮನೆ ನಡೆಯಬೇಕು. ಆ ಕೆಲಸವೆಂದರೆ ಅವಳಿಗೆ ಜೀವ.

ಒಂದು ದಿನ ಟ್ಯಾಂಕು ತೊಳೆದ ಔಷಧಿ ನೀರಿನ ಪೈಪು ಒಡೆದು, ಆ ನೀರೆಲ್ಲ ಹಿಂದಿನ ಕಾಲುವೆಯಿಂದ ನಮ್ಮೂರ ಕೆರೆಗೆ ಹರಿಯಿತು. ಕಂಡವಳು ರತ್ನಕ್ಕ. ಓಡಿಹೋಗಿ ಹೇಳಿದರೆ ಮ್ಯಾನೇಜರ್, "ನೀರು ಪರೀಕ್ಷೆಗೆ ಕಳಿಸ್ತೀವಿ. ರಿಪೋರ್ಟ್ ಬಂದ ಮೇಲೆ ಊರಿಗೆ ಆಫೀಸೇ ತಿಳಿಸುತ್ತೆ. ನೀನು ಯಾರಿಗೂ ಹೇಳೋ ಹಾಗಿಲ್ಲ" ಎಂದರಂತೆ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಕಂಪನಿ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ನನ್ನ ಹತ್ತಿರ ತುಟಿ ಪಿಟಕ್ಕೆನ್ನಲಿಲ್ಲ.

ನಮ್ಮಲ್ಲಿ ಸಂಜೆ ಹಾಲು ಕರೆಯುವ ಮುಂಚೆ ಹಸುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸುವುದು ವಾಡಿಕೆ. ಬಸ್ಸಿಳಿದವಳು ಮನೆಗೂ ಹೋಗದೆ ಕೆರೆಯ ದಾರಿ ಹಿಡಿದಳು. ಏನಾಯಿತೋ ಎಂದು ನಾನೂ ಹಿಂದೆಯೇ ಓಡಿದೆ. ನೋಡಿದರೆ, ದಾರಿಗಡ್ಡ ಕೈ ಚಾಚಿ ನಿಂತಿದ್ದಾಳೆ!

"ಇವತ್ತು ಕೆರೆಗೆ ಬ್ಯಾಡ. ಬೋರ್‌ವೆಲ್ ತಾವ ಕುಡಿಸ್ಕೊಳ್ಳಿ."

"ಯಾಕತ್ತಿಗೆ?" ಎಂದ ಅವಳ ಮೈದುನ ಗಂಗಪ್ಪ.

"ಏಳಂಗಿಲ್ಲ."

"ಕೆರೆ ಏನ್ ನಿಮ್ಮಪ್ಪಂದಾ?"

"ಅಂಗೇ ಅನ್ಕೋ. ಬ್ಯಾಡ ಅಂದ್ರೆ ಬ್ಯಾಡ ಕಣ್ಲಾ!"

ಗಂಗಪ್ಪ ರೇಗಿ ಅವಳನ್ನು ಪಕ್ಕಕ್ಕೆ ಸರಿಸಿ, ತನ್ನ ಗಬ್ಬದ ಹಸುವನ್ನು ಮುಂದಕ್ಕೆ ಬಿಟ್ಟ. ಅದು ನೀರಿಗೆ ಇಳಿಯುವುದನ್ನು ಕಂಡದ್ದೇ ತಡ, "ಕಂಪನಿ ಔಷಧಿ ನೀರು ಸೇರೈತೆ ಕಣ್ರೋ! ಇಡ್ಕೊಳ್ರೋ ಅದನ್ನ!" ಎಂದು ಕಿರುಚಿದಳು. ಗಂಗಪ್ಪ ಓಡಿಹೋಗಿ ಮೂಗುದಾರ ಹಿಡಿದೆಳೆದ.

ಮಾರನೆಯ ದಿನ ಮ್ಯಾನೇಜರ್ ಕರೆಸುವ ಮೊದಲೇ ತಾನೇ ಹೋಗಿ, "ನಾನೇ ಏಳ್ದೆ ಸಾರ್" ಅಂದಳು. ಕೆಲಸ ಹೋಯಿತು. "ಪೈಪು ಸರಿಮಾಡಿದವರೂ ನೋಡಿದ್ದರಲ್ಲ, ಯಾರು ಹೇಳಿದ್ದು ಅಂತ ಮ್ಯಾನೇಜರಿಗೇನು ಗೊತ್ತಿತ್ತು? ಸುಮ್ಮನಿರೋಕೆ ಏನಾಗಿತ್ತು ನಿನಗೆ?" ಎಂದು ನಾನು ಅಳುತ್ತಾ ಜಗಳವಾಡಿದೆ. "ನಾನ್ ಏಳ್ದೆ ಇದ್ದಿದ್ರೆ ನಿಮ್ಮನ್ನೆಲ್ಲ ನಿಲ್ಲಿಸ್ಕೊಂಡು ಕೇಳೋರು" ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು.

ಊರಿನವರು ಒಂದಷ್ಟು ದಿನ ಅವಳನ್ನು ಹೊಗಳಿದರು. ಆಫೀಸಿನಿಂದ ಯಾವ ರಿಪೋರ್ಟೂ ಬರಲಿಲ್ಲ, ಕೆರೆ ಮೊದಲಿನಂತೆಯೇ ಕಂಡಿತು. ಆಗ ಮಾತು ತಿರುಗಿತು. ಯಾವ ಹಸುವಿಗೂ ಏನೂ ಆಗಲಿಲ್ಲ, ರತ್ನಮ್ಮ ಸುಳ್ಳು ಹೇಳಿ ಕೆಲಸ ಕಳೆದುಕೊಂಡಳು ಅಂದರು. ಗಂಗಪ್ಪನೂ ಅಂದ. ಕುಡಿಯದ ಹಸುವಿಗೆ ಏನಾದೀತು? ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ರತ್ನಕ್ಕ ಉರಿಗಾಂನ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಹುಡುಕಿಕೊಂಡು, ಗಂಡನೊಂದಿಗೆ ಅಲ್ಲಿಗೇ ಹೋಗಿಬಿಟ್ಟಿದ್ದಳು.

ಅವಳನ್ನು ನಾನು ಕೊನೆಯ ಸಲ ಕಂಡದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಅವಳು ಉರಿಗಾಂಗೆ ಹೋಗುವ ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದಾಗ. ಗಂಗಪ್ಪನ ಹಸು ಕರು ಹಾಕಿತು ಎಂದೆ. ತಡೆಯಲಾಗದೆ, ಅವನು ಅಂದಿದ್ದನ್ನೂ ಹೇಳಿಬಿಟ್ಟೆ.

"ಎಣ್ಗರಾನಾ?" ಎಂದಳು.

"ಹೂಂ, ಹೆಣ್ಣು ಕರುವೇ."

ಮುಖ ಅರಳಿತು. ರೈಲು ಬಂತು. ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾ ತಿರುಗಿ ಅಂದಳು:

"ಅಂದ್ಕೊಳ್ಲಿ ಬಿಡೇ. ಅಸು ಸತ್ತು ನನ್ ಮಾತು ನಿಜ ಆಗೋದ್ಕಿಂತ, ಅದು ಬದುಕಿ ನಾನು ಸುಳ್ಳಿ ಆಗೋದೇ ವಾಸಿ."