ಬಾಗಿಲ ಹೊರಗಿನ ಕೆಂಪು ಚಪ್ಪಲಿ

ಯೂನಿವರ್ಸಿಟಿಯ ಆಪ್ತಸಮಾಲೋಚಕಿಯ ಕೋಣೆಯ ಮುಂದೆ ಐದನೇ ಸಲ ಹಾದುಹೋದೆ. ಒಳಗೆ ಹೋಗಬೇಕೆಂದೇ ಬಂದಿದ್ದೆ. ಆದರೆ ಬಾಗಿಲಿಗೆ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಚೀಟಿ ಅಂಟಿಸಿದ್ದರು. ನನ್ನನ್ನು ತಡೆದದ್ದು ಅದೇ. ಲಷ್ಕರ್ ಮೊಹಲ್ಲಾದ ಅಂಗಡಿಯಲ್ಲಿ ಅಮ್ಮ ಕೊಡಿಸಿದ ನನ್ನ ಕೆಂಪು ಚಪ್ಪಲಿ ಇಡೀ ಎಂ.ಎಸ್ಸಿ. ತರಗತಿಗೆ ಗೊತ್ತು. ಎದುರಿಗೇ ಲೈಬ್ರರಿ. ಯಾರಾದರೂ ನೋಡಿದರೆ ಸಂಜೆಯೊಳಗೆ ಹಾಸ್ಟೆಲಿಗೆ, ನಾಳೆ ಊರಿಗೆ ಸುದ್ದಿ ಮುಟ್ಟುತ್ತದೆ.

ಹಾಗಂತ ವಾಪಸು ಹೋಗುವಂತೆಯೂ ಇರಲಿಲ್ಲ. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಹಿಂದಿನ ದಿನ ಇಂಟರ್ನಲ್ ಪರೀಕ್ಷೆಯಲ್ಲಿ ಉಸಿರು ಕಟ್ಟಿದಂತಾಗಿ, ಖಾಲಿ ಹಾಳೆ ಕೊಟ್ಟು ಎದ್ದು ಬಂದಿದ್ದೆ.

ಕಾರಿಡಾರ್ ಒರೆಸುತ್ತಿದ್ದ ಆಯಾ ಎಷ್ಟು ಹೊತ್ತಿನಿಂದ ನನ್ನನ್ನು ನೋಡುತ್ತಿದ್ದರೋ, ಹತ್ತಿರ ಬಂದು ಹಳೇ ಪೇಪರೊಂದನ್ನು ಬಿಡಿಸಿ ಹಿಡಿದರು.

“ಚಪ್ಲಿ ಇದ್ರಲ್ಲಿ ಹಾಕ್ಬುಟ್ಟು ಒಳಿಕ್ಕೋಗಮ್ಮ. ನನ್ ಬೀರೊಳ್ಗೆ ಮಡಗಿರ್ತೀನಿ. ಬೆಳಿಗ್ಗೆಯಿಂದ ಇದು ನಾಕ್ನೇ ಜೊತೆ ಕಣಮ್ಮ.”

ಅಂದರೆ ಅವತ್ತೇ ಇನ್ನೂ ಮೂವರು ಈ ಬಾಗಿಲ ಮುಂದೆ ನನ್ನ ಹಾಗೇ ಬೆವರಿದ್ದರು! ಒಳಗೆ ಹೋದೆ. ಮೊದಲ ಹತ್ತು ನಿಮಿಷ ಬರೀ ಅತ್ತೆ.

ಈಗ ಪ್ರತಿ ಗುರುವಾರ ಹೋಗುತ್ತೇನೆ. ಚಪ್ಪಲಿ ಮಾತ್ರ ಪ್ರತಿ ಸಲ ಆಯಾ ಅವರ ಬೀರುವಿನೊಳಗೇ ಇರುತ್ತಿತ್ತು. ಕಳೆದ ವಾರ ಒಬ್ಬಳು ಹುಡುಗಿ ಪುಸ್ತಕ ಅವಚಿಕೊಂಡು ಅದೇ ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಆಯಾ ನನಗೆಂದು ಪೇಪರ್ ತಂದರು. ಬೇಡ ಎಂದೆ. ಕೆಂಪು ಚಪ್ಪಲಿಯನ್ನು ಹೊಸ್ತಿಲ ಪಕ್ಕದಲ್ಲೇ, ಅವಳಿಗೆ ಕಾಣುವ ಹಾಗೆ ಬಿಟ್ಟು ಒಳಗೆ ಹೋದೆ.