ಬ್ಯಾಡಗಿಯ ‘ಅಕಿ ಹಪಳ’

ಹಾವೇರಿಯ ಪ್ರೆಸ್ಸು ಮುಚ್ಚಿದಾಗ ನನಗೆ ಐವತ್ತೆರಡು ವರ್ಷ. ಮೊದಲು ಅಚ್ಚುಮೊಳೆ ಜೋಡಿಸುತ್ತ, ಆಮೇಲೆ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡುತ್ತ ಅಲ್ಲೇ ವಯಸ್ಸು ಕಳೆದಿದ್ದೆ. ರಾಣೆಬೆನ್ನೂರಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಒಂದು ಸಣ್ಣ ಆಫೀಸಿಗೆ ಕನ್ನಡವನ್ನು ತಪ್ಪಿಲ್ಲದೆ ಟೈಪ್ ಮಾಡುವವರು ಬೇಕಾಗಿದ್ದರು, ಸೇರಿಕೊಂಡೆ. ಅಲ್ಲಿ ನನಗೆ ಕೆಲಸ ಕಲಿಸಿದವಳು ಕರ್ಜಗಿಯ ಹುಡುಗಿ, ನನ್ನ ಮಗಳಿಗಿಂತ ಒಂದು ವರ್ಷ ಚಿಕ್ಕವಳು. ಅವಳು ಹಾವೇರಿಗೆ ಬಂದು ನನ್ನ ಜೊತೆ ರೈಲು ಹತ್ತುತ್ತಿದ್ದಳು. ನನ್ನ ಪಾಠವೆಲ್ಲ ನಡೆದದ್ದು ಆ ರೈಲಿನಲ್ಲಿ, ಅವಳ ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ.

ಮೊದಲ ದಿನ ವೆಬ್‌ಪುಟದ ಒಂದು ಬಟನ್ ತೋರಿಸಿದಳು. ಸುತ್ತ ಎಷ್ಟು ಜಾಗ, ಮೂಲೆ ಎಷ್ಟು ದುಂಡಗೆ, ಬಣ್ಣ ಯಾವುದು, ಅಕ್ಷರ ಎಷ್ಟು ದಪ್ಪ, ಒಂದೊಂದಕ್ಕೂ ‘ಕ್ಲಾಸ್’ ಎಂಬ ಒಂದೊಂದು ಪುಟ್ಟ ಸಂಕೇತಪದ. ಬೇಕಾದವನ್ನು ಆರಿಸಿ ಸಾಲಾಗಿ ಬರೆದರೆ ಬಟನ್ ಸಿದ್ಧ.

“ಒಂದ ಬಟನ್ನಿಗೆ ಇಷ್ಟುದ್ದ ಸಾಲೇನ ತಂಗಿ? ‘ಕೆಂಪು ಬಟನ್’ ಅಂತ ಹೆಸರಿಟ್ಟರ ಮುಗೀತಲ್ಲ?” ಅಂದೆ.

“ನಾಳೆ ಅದನ್ನ ಹಸರ ಮಾಡ್ರಿ ಅಂದ್ರ? ಹೆಸರ ಕೆಂಪು, ಬಣ್ಣ ಹಸರ. ಆಮ್ಯಾಲ ಯಾವ ಹೆಸರಿನಾಗ ಏನೈತಿ ಅಂತ ಹುಡುಕೋತ ಕುಂದರಬೇಕ್ರಿ ಕಾಕಾ. ಈ ಸಾಲು ಓದಿದ್ರ ಸಾಕು, ಬಟನ್ ಹೆಂಗ ಕಾಣತೈತಿ ಅಂತ ಗೊತ್ತಾಗತೈತಿ.” ಆಮೇಲೆ ಬೆರಳೆತ್ತಿ ಹೇಳಿದಳು: “ಆದ್ರ ಈ ಉದ್ದನ್ ಸಾಲನ್ನ ಎಲ್ಲಾ ಪುಟಕ್ಕೂ ಹೊಡೀಬ್ಯಾಡ್ರಿ. ಒಂದ ಸಲ ಬ್ಯಾರೆ ಫೈಲಿನಾಗ ಅಚ್ಚಿನಂಗ ‘ಕಾಂಪೊನೆಂಟ್’ ಮಾಡಿಡ್ರಿ. ಬೇಕಾದ ಕಡೆ ಅದರ ಹೆಸರ ಬರದು ಕರೀರಿ.”

ತಲೆ ಆಡಿಸಿದೆ. ಅರ್ಥವಾಗಿತ್ತು ಅಂತೇನಲ್ಲ.

ಕೆಲವು ತಿಂಗಳಿಗೆ ಬ್ಯಾಡಗಿಯ ಹೆಣ್ಣುಮಕ್ಕಳ ಒಂದು ಸಂಘದ ಕೆಲಸ ಬಂತು. ಹನ್ನೊಂದು ಮಂದಿ ಸೇರಿ ಖಡಕ್ ರೊಟ್ಟಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರುತ್ತಿದ್ದರು. ಒಂದೊಂದು ತಿನಿಸಿಗೂ ಚಿತ್ರ, ಹೆಸರು, ಬೆಲೆ, ಬಟನ್ ಇರುವ ಒಂದೊಂದು ಕಾರ್ಡ್ ಆಗಬೇಕಿತ್ತು. ಅದೇ ವಾರ ಅಕ್ಕನ ಬಾಣಂತನವೆಂದು ಹುಡುಗಿ ರಜೆ ಹಾಕಿದಳು. ಹೋಗುವ ಮುನ್ನ ತಾನು ಬೇರೆ ಅಂಗಡಿಯೊಂದಕ್ಕೆ ಮಾಡಿದ್ದ ಕಾರ್ಡನ್ನು ನನಗೆ ಕೊಟ್ಟು, “ಕಾಂಪೊನೆಂಟ್ ಮಾಡೂದು ಮರೀಬ್ಯಾಡ್ರಿ” ಅಂದಳು.

ಮರೆಯಲಿಲ್ಲ, ಹೆದರಿದೆ. ಹೊಸ ಫೈಲು ತೆರೆದು ಎಲ್ಲಿ ಏನು ಕೆಡಿಸುತ್ತೇನೋ ಅನ್ನಿಸಿತು. ನಕಲು ಮಾಡಿ ಅಂಟಿಸುವುದು ನನಗೆ ಗೊತ್ತಿದ್ದ ವಿದ್ಯೆ. ಅವಳ ಕಾರ್ಡನ್ನೇ ಇಪ್ಪತ್ತೆರಡು ಸಲ ಅಂಟಿಸಿ, ಹೆಸರು ಬದಲಿಸಿ, ಆರು ಪುಟಗಳಲ್ಲಿ ಹರಡಿದೆ. ನನ್ನ ಪರದೆಯಲ್ಲಿ ಎಲ್ಲ ಚಂದವಾಗಿಯೇ ಕಂಡಿತು.

ಮರುದಿನ ಸಂಘದ ಅಧ್ಯಕ್ಷೆ ಫೋನ್ ಮಾಡಿದರು.

“ಸರ, ‘ಅಕಿ ಹಪಳ’ ಅಂತ ಬರದೀರಲ್ರಿ. ಯಾರಕಿರಿ ಅಕಿ? ನಾವು ಹನ್ನೊಂದ ಮಂದಿ ಅದೇವಿ. ಒಬ್ಬಾಕಿ ಹೆಸರಲೇ ಹಪಳ ಮಾರಿದ್ರ ಉಳದವ್ರು ಸುಮ್ನಿರತಾರನ?”

ಹಿಂದಿನಿಂದ ಹೆಂಗಸರ ನಗು ಕೇಳುತ್ತಿತ್ತು. ಅವರು ಕಳಿಸಿದ ಫೋನ್ ಪರದೆಯ ಚಿತ್ರ ತೆರೆದು ನೋಡಿದೆ. ಅವರ ಫೋನಿನ ಅಕ್ಷರಶೈಲಿ ಬೇರೆ, ಅದರಲ್ಲಿ ಅಕ್ಷರದ ಕೆಳಗಿನ ಒತ್ತುಗಳೆಲ್ಲ ಕತ್ತರಿಸಿ ಹೋಗಿದ್ದವು. ಅಕ್ಕಿ ಹಪ್ಪಳ ‘ಅಕಿ ಹಪಳ’ವಾಗಿತ್ತು, ರೊಟ್ಟಿ ‘ರೊಟಿ’ಯಾಗಿತ್ತು. ಬದುಕಿಡೀ ಒತ್ತಕ್ಷರ ಜೋಡಿಸಿದ ನನ್ನ ಕೈಯಲ್ಲೇ!

ಕ್ಲಾಸುಗಳ ಸಾಲನ್ನು ಒಂದೊಂದಾಗಿ ಓದಿದೆ. ನಡುವೆ ‘ಲೀಡಿಂಗ್’ ಎಂಬ ಪದ ಕಂಡು ಕೈ ನಿಂತಿತು. ಪ್ರೆಸ್ಸಿನಲ್ಲಿ ಸಾಲು ಸಾಲಿನ ನಡುವೆ ತೆಳ್ಳನೆಯ ಸೀಸದ ಪಟ್ಟಿ ಇಡುತ್ತಿದ್ದೆವು, ಅದಕ್ಕೆ ನಾವು ‘ಲೆಡ್’ ಅನ್ನುತ್ತಿದ್ದೆವು. ಇದು ಅದೇ! ಇಲ್ಲಿ ಆ ಜಾಗವನ್ನು ಹುಡುಗಿ ಸೊನ್ನೆ ಮಾಡಿಟ್ಟಿದ್ದಳು, ಜೊತೆಗೆ ‘ಪೆಟ್ಟಿಗೆ ಮೀರಿದ್ದನ್ನು ಕತ್ತರಿಸು’ ಎಂಬ ಇನ್ನೊಂದು ಕ್ಲಾಸ್. ಒತ್ತು ಇಲ್ಲದ ಇಂಗ್ಲಿಷಿಗೆ ಅದು ನಡೆದಿತ್ತು. ಲೀಡಿಂಗ್ ಹೆಚ್ಚಿಸಿದೆ, ಕೆಳಗೆ ತುಸು ಜಾಗ ಕೊಟ್ಟೆ. ಆಮೇಲೆ ಅದನ್ನೇ ಆರು ಪುಟಗಳಲ್ಲಿ ಹುಡುಕಿ ಹುಡುಕಿ ತಿದ್ದುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು.

ಸಂಜೆ ಮತ್ತೆ ಫೋನ್. “ರೊಟ್ಟಿ ಬರೋಬ್ಬರಿ ಆತ್ರಿ ಸರ. ಆದ್ರ ಅಕಿ ಇನ್ನೂ ಅದಾಳ!”

ಒಂದು ಪುಟ ತಪ್ಪಿಹೋಗಿತ್ತು.

ರಜೆ ಮುಗಿಸಿ ಬಂದವಳಿಗೆ ರೈಲಿನಲ್ಲೇ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ತಪ್ಪು ನಂದೂ ಐತ್ರಿ. ಆ ಸಾಲು ಇಂಗ್ಲಿಷ್ ಹೆಸರಿಗೆ ಬರದಿದ್ದೆ. ಕನ್ನಡಕ್ಕ ಕೆಳಗ ಜಾಗ ಬೇಕು ಅನ್ನೂದು ಹೊಳೀಲೇ ಇಲ್ಲ. ಎಷ್ಟ್ ಬೇಕು ಅಂತ ನೀವ ಹೇಳ್ರಿ, ನಾ ಬರೀತೇನಿ.”

ಆ ದಿನ ಇಬ್ಬರೂ ಒಂದೇ ಮೇಜಿಗೆ ಕುಳಿತೆವು. ಕ್ಲಾಸುಗಳೆಲ್ಲ ಒಂದೇ ಫೈಲಿಗೆ ಬಂದವು. ಒಂದೊಂದು ಕಾರ್ಡಿಗೂ ಬೇರೆಯಾಗುವ ಚಿತ್ರ, ಹೆಸರು, ಬೆಲೆಯನ್ನು ಮಾತ್ರ ಹೊರಗಿನಿಂದ ಕೊಡಬೇಕು. ‘ಸ್ತ್ರೀ’, ‘ರಾಷ್ಟ್ರ’ ಎಂದು ಎರಡೆರಡು ಒತ್ತಿನ ಶಬ್ದಗಳನ್ನು ನಾನು ಹುಡುಕಿ ಕೊಟ್ಟೆ, ಅವಳು ಮೂರು ಬಗೆಯ ಫೋನಿನಲ್ಲಿ ತೆರೆದು ನೋಡಿದಳು. ನಾನು ಅಂಟಿಸಿದ್ದ ಇಪ್ಪತ್ತೆರಡು ಕಾರ್ಡುಗಳನ್ನು ನನ್ನ ಕೈಯಿಂದಲೇ ಅಳಿಸಿಸಿದಳು. ಒಂದೊಂದು ಕಾರ್ಡಿನ ಜಾಗದಲ್ಲಿ ಒಂದೊಂದು ಗಿಡ್ಡ ಸಾಲು ಉಳಿಯಿತು. ಇಷ್ಟು ಹಗುರಾಗಿ ಮಾಡಬಹುದಿತ್ತೇ ಎಂದು ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಮುಂದಿನ ವಾರ ತೋರಿಸಲು ಬ್ಯಾಡಗಿಯಲ್ಲಿ ಇಳಿದೆವು. ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಸಂಘದವರು ಸೇರುವ ಮನೆ ಮುಟ್ಟಿದೆವು. ಸಂಘದಲ್ಲಿ ಎಲ್ಲರಿಗಿಂತ ಹಿರಿಯ ಅಜ್ಜಿಯೊಬ್ಬರು ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು, ಒಂದೊಂದೇ ಕಾರ್ಡ್ ಓದಿದರು. “ಅಕ್ಕಿ… ಹಪ್ಪಳ. ಉಪ್ಪಿನ… ಕಾಯಿ.” ಕೊನೆಯವರೆಗೂ ಓದಿ ತಲೆಯೆತ್ತಿದರು.

“ನನ್ನ ಶೇಂಗಾ ಚಟ್ನಿ ಎಲ್ಲೈತ್ರಿ?”

ಪಟ್ಟಿ ಕೊಟ್ಟವರೇ ಬರೆಯಲು ಮರೆತಿದ್ದರು. ಹುಡುಗಿ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದಳು. ತಟ್ಟೆಯಲ್ಲಿ ಚಟ್ನಿ ಹಾಕಿಸಿ ಚಿತ್ರ ತೆಗೆದೆ, ಒಂದು ಸಾಲು ಬರೆದೆ. ಚಹಾ ಬರುವುದರೊಳಗೆ ಅಜ್ಜಿಯ ಫೋನಿನಲ್ಲಿ ಹೊಸ ಕಾರ್ಡ್ ಬಂದಿತ್ತು.

“ಇಷ್ಟ ಲಗೂ ಆತನ?” ಅಜ್ಜಿಗೆ ಸಂಶಯ. “ಖರೇನ ಇದು, ನಾಳಿಗೂ ಇರತೈತೋ ಇಲ್ಲೋ?”

“ಇರತೈತ್ರಿ ಅಜ್ಜಿ. ಕಾಕಾ ಮಾಡ್ಯಾರ” ಅಂದಳು ಹುಡುಗಿ.

ಅಜ್ಜಿ ಎದ್ದು ಒಳಗೆ ಹೋಗಿ ಎರಡು ಪೊಟ್ಟಣ ಚಟ್ನಿ ಕಟ್ಟಿ ತಂದರು. ದೊಡ್ಡದನ್ನು ಅವಳಿಗೆ ಕೊಟ್ಟರು.