ಬೆಂಚಿನ ತನಕದ ಪ್ರವಾಸ

ಪೋರ್ಟ್ ಕ್ರೆಡಿಟ್ ಊರಿನ ಅಂಗಾರಣ್ಣ ಭಾನುವಾರ ಬಂತೆಂದರೆ ಮನೆಯವರನ್ನೆಲ್ಲ ಹಳ್ಳಿಗಾಡಿಗೆ ಹೊರಡಿಸುತ್ತಾರೆ. ಸೇಬಿನ ತೋಟವಿರಲಿ, ಕುಂಬಳದ ಹೊಲವಿರಲಿ, ಮೊದಲ ಬೆಂಚು ಸಿಕ್ಕಿತೆಂದರೆ ಅವರ ಪ್ರವಾಸ ಮುಗಿಯಿತು. "ವ್ಯೂ ಇಲ್ಲಿಂದಲೇ ಬೆಸ್ಟು, ಬುತ್ತಿ ಬಿಚ್ಚು ಮಾರಾಯ್ತಿ!" ಎನ್ನುತ್ತಾರೆ. "ಅಪ್ಪಾ, ವಿ ಕೇಮ್ ಫಾರ್ ದ ಬೆಂಚ್?" ಎಂದು ಮಗಳು ನಿಶ್ಮಿತಾ ಹಂಗಿಸುತ್ತಾಳೆ. ಮಂಡಿನೋವಿನಿಂದ ತಿರುಗಾಟವನ್ನೇ ಬಿಟ್ಟಿದ್ದ ಹೆಂಡತಿ ಅಕ್ಕು, "ನಿಮಗೆ ನಡೆಯಲಿಕ್ಕೆ ಭಾರೀ ಉದಾಸಿನ" ಎನ್ನುತ್ತಾ ಹಾಯಾಗಿ ಕೂರುತ್ತಾರೆ. ಮೊನ್ನೆ ಸ್ಟೌಫ್‌ವಿಲ್ ಬಳಿಯ ತೋಟದಲ್ಲಿ ಟಿಕೆಟ್ ಕೊಡುವ ಮುದುಕಿ ಅಂಗಾರಣ್ಣನ ಗುರುತು ಹಿಡಿದಳು. "ನಿನ್ನೆ ಒಬ್ಬರೇ ಬಂದು, ಕಾರಿನಿಂದ ಬೆಂಚಿನ ತನಕ ಕುಂಟುತ್ತಾ ಹೆಜ್ಜೆ ಎಣಿಸಿದವರು ನೀವೇ ಅಲ್ಲವೇ, ಕಾಲು ಈಗ ಹೇಗಿದೆ?" ಎಂದು ವಿಚಾರಿಸಿದಳು. ಕಾಲಿಗೆ ಯಾವ ನೋವೂ ಇಲ್ಲದ ಅಂಗಾರಣ್ಣ ಟೊಪ್ಪಿ ಸರಿಮಾಡಿಕೊಂಡರು. ಅಕ್ಕು ಅವರ ತೋಳು ಹಿಡಿದು, "ಇವತ್ತು ಆ ಸೇಬಿನ ಮರದವರೆಗೆ ಹೋಗುವ ಮಾರಾಯ್ರೆ" ಎಂದರು.